ಬಾಣಂತಿ ಇಲಿಗಳ ಮಳೆಗಾಲ

ಮೆಂತ್ಯೆ ಹುರಿಯುವ ವಾಸನೆ ಬಂದರೆ ಬೇರೆಯವರಿಗೆ ತವರುಮನೆಯೋ ಅಡುಗೆಮನೆಯೋ ನೆನಪಾಗುತ್ತದಂತೆ. ನನಗೆ ಇಲಿಗಳು ನೆನಪಾಗುತ್ತವೆ. ಇಪ್ಪತ್ತನಾಲ್ಕು ಬಿಳಿ ಇಲಿಗಳು, ನಾಲ್ಕು ಪಂಜರ, ಪಂಜರಕ್ಕೆ ಆರು. ಕಳೆದ ತಿಂಗಳು ರಾಯಚೂರಿನ ತೀನ್ ಕಂದೀಲ್ ವೃತ್ತದ ಹತ್ತಿರ ಆಟೋ ನಿಂತಾಗ ಯಾವುದೋ ಮನೆಯ ಕಿಟಕಿಯಿಂದ ಆ ವಾಸನೆ ಬಂತು. ಪಕ್ಕದಲ್ಲಿದ್ದ ತಂಗಿಯ ಮಗಳು, "ಯಾರೋ ಬಾಣಂತಿ ಅದಾರ ನೋಡು" ಎಂದಳು. "ಎಷ್ಟು ಇಲಿ?" ಎಂದು ನಾನು ಕೇಳಿದೆ. ಇಲ್ಲ, ಕೇಳಿರಲಿಕ್ಕಿಲ್ಲ. ಈಗ ಬರೆಯುವಾಗ ಹಾಗೆ ಕೇಳಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸುತ್ತಿದೆ, ಅಷ್ಟೇ. ನನ್ನ ನೆನಪಿಗೆ ಈ ಚಟವಿದೆ. ಅದಕ್ಕೇ ಆ ವರ್ಷದ ನೋಟ್‌ಬುಕ್ಕನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಕೂತಿದ್ದೇನೆ. ಅದೂ ಭಾರಿ ನಂಬಿಕಸ್ಥ ಸಾಕ್ಷಿಯೇನಲ್ಲ; ಬರೆದವಳು ನಾನೇ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಮಾನ್ವಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಪಿಎಚ್.ಡಿ. ಮಾಡುತ್ತೇನೆಂದು ಒಂದು ವರ್ಷದ ರಜೆ ಪಡೆದು ರಾಯಚೂರಿಗೆ ಬಂದಿದ್ದೆ. ದೀಪಾವಳಿಗೆ ರಜೆ ಮುಗಿಯುತ್ತಿತ್ತು. ಅಷ್ಟರೊಳಗೆ ನನ್ನ ಮಾರ್ಗದರ್ಶಕರು 'ಕೆಲಸ ತೃಪ್ತಿಕರ' ಎಂದು ಒಂದು ಹಾಳೆಗೆ ಸಹಿ ಹಾಕಬೇಕು. ಹಾಕದಿದ್ದರೆ ನೋಂದಣಿ ರದ್ದು, ಎರಡನೇ ಸಲ ರಜೆ ಇಲ್ಲ, ಅಲ್ಲಿಗೆ ಕಥೆ ಮುಗಿಯಿತು. ಮೂವತ್ತೊಂದು ವಯಸ್ಸಿನ ಮದುವೆಯಾಗದ ಹೆಣ್ಣಿಗೆ ಮನೆಯವರು ಕೊಟ್ಟ ವಾಯಿದೆಯೂ ಅದೇ ದೀಪಾವಳಿ.

ವಿಷಯ ಹೇಳಲು ಸುಲಭ. ಗರ್ಭಕೋಶದ ಒಳಪದರದಲ್ಲಿ ಜೀವಕೋಶಗಳು ಸಾಲಾಗಿ ನಿಂತಿರುತ್ತವೆ. ಅಂಡಾಶಯದಿಂದ ಬರುವ ಈಸ್ಟ್ರೋಜನ್ ಎಂಬ ಹಾರ್ಮೋನು ಸಿಕ್ಕರೆ ಅವು ಎತ್ತರಕ್ಕೆ ಬೆಳೆಯುತ್ತವೆ, ಸಿಗದಿದ್ದರೆ ಕುಗ್ಗಿ ಗಿಡ್ಡವಾಗುತ್ತವೆ. ಮಕ್ಕಳಾಗದ ಹೆಂಗಸರಿಗೆ ಆಗ ಡಾಕ್ಟರುಗಳು ಕ್ಲೋಮಿಫೀನ್ ಎಂಬ ಗುಳಿಗೆ ಬರೆದುಕೊಡುತ್ತಿದ್ದರು. ಅದು ಈಸ್ಟ್ರೋಜನ್ ಕೂರುವ ಜಾಗದಲ್ಲಿ ತಾನು ಹೋಗಿ ಕೂರುವ ಔಷಧಿ. ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೆಯುತ್ತಾರಲ್ಲ, ಹಾಗೆ. ಸೀಟು ಖಾಲಿ ಇದ್ದರೂ ಖಾಲಿ ಇಲ್ಲ. ಮೆದುಳಿನಲ್ಲಿ ಈ ಟವೆಲ್ ಬಿದ್ದರೆ ಮೊಟ್ಟೆ ಬಿಡುಗಡೆಯಾಗುತ್ತದೆ, ಒಳ್ಳೆಯದೇ. ಗರ್ಭಕೋಶದ ಪದರದಲ್ಲಿ ಬಿದ್ದರೆ ಏನಾಗುತ್ತದೆ? ಅದನ್ನು ಇಲಿಗಳಲ್ಲಿ ನೋಡುವುದು ನನ್ನ ಕೆಲಸ.

ಜಾಗ, ಒಂದು ಕಾಲೇಜಿನ ಹಿಂದಿನ ಹಂಚಿನ ಕೋಣೆ. ಮೇ ತಿಂಗಳಲ್ಲಿ ಅಲ್ಲಿ ಇಲಿಗಳು ನಾಲಿಗೆ ಹೊರಹಾಕಿ ಮಲಗುತ್ತಿದ್ದವು, ಕೊಯ್ದರೆ ಬದುಕುತ್ತಿರಲಿಲ್ಲ. ಮಳೆಗೆ ಕಾದೆ. ಜೂನ್ ಮಧ್ಯದಲ್ಲಿ ಮೊದಲ ಮಳೆ ಬಿದ್ದ ಮರುದಿನವೇ ಎಚ್ಚರ ತಪ್ಪಿಸುವ ಈಥರ್ ಶೀಶೆ ತೆರೆದು ಇಪ್ಪತ್ತನಾಲ್ಕೂ ಇಲಿಗಳ ಅಂಡಾಶಯ ತೆಗೆದು ಹೊಲಿಗೆ ಹಾಕಿದೆ. ಒಂದನೇ ಪಂಜರಕ್ಕೆ ಬರೀ ಎಣ್ಣೆಯ ಚುಚ್ಚುಮದ್ದು, ಹೋಲಿಸಿ ನೋಡಲಿಕ್ಕೆ. ಎರಡನೆಯದಕ್ಕೆ ಹಾರ್ಮೋನು. ಮೂರನೆಯದಕ್ಕೆ ಹಾರ್ಮೋನು ಮತ್ತು ಔಷಧಿ. ನಾಲ್ಕನೆಯದಕ್ಕೆ ಬರೀ ಔಷಧಿ.

ಪಂಜರ ತೊಳೆಯಲು, ನೀರು ಮೇವು ಹಾಕಲು ಕಾಲೇಜಿನವರು ದಿನಗೂಲಿಯ ಹುಲಿಗೆವ್ವನನ್ನು ಕೊಟ್ಟಿದ್ದರು. ದೇವದುರ್ಗದವಳು, ನಲವತ್ತು ದಾಟಿದವಳು, ದೊಡ್ಡ ಕುಂಕುಮ, ದೊಡ್ಡ ದನಿ. ಅವಳ ಅಕ್ಕ ಅಲ್ಲಿ ಹೆಸರಾದ ಸೂಲಗಿತ್ತಿ. ಇವಳೂ ಮದುವೆಗೆ ಮುಂಚೆ ಅಕ್ಕನ ಬೆನ್ನಿಗೆ ಹೋಗಿ ಎಷ್ಟೋ ಹೆರಿಗೆ ನೋಡಿದ್ದಳು. ಕೊಯ್ಯುವಾಗ ಇಲಿಯ ಕಾಲು ಹಿಡಿದುಕೊಂಡಿದ್ದವಳು ಅವಳೇ. ಒಂದು ಸಲವೂ ಮುಖ ತಿರುಗಿಸಲಿಲ್ಲ. ಇಲಿಗಳಿಗೆಂದು ಪೇಟೆಯಿಂದ ತರಿಸಿದ ಒಣ ತುಂಡುಗಳ ಚೀಲ ಬಿಚ್ಚಿದಾಗ ಮಾತ್ರ ಮುಖ ಕಿವುಚಿದಳು.

"ಇದೇನ್ರೀ ಮೇಡಂ, ಸಗಣಿ ಒಣಗ್ಸಿ ತುಂಡು ಮಾಡ್ದಂಗ ಅದ?"

"ಅದ್ರಾಗ ಎಲ್ಲಾ ಸತ್ವ ಅದ. ಇದನ್ನ ಬಿಟ್ಟು ಬ್ಯಾರೆ ಏನೂ ಹಾಕಬ್ಯಾಡ."

"ಹಾಕಂಗಿಲ್ಲ ಬಿಡ್ರಿ," ಎಂದಳು. ಸುಳ್ಳು ಹೇಳುವವರು ಸಾಮಾನ್ಯವಾಗಿ ಕಣ್ಣು ತಪ್ಪಿಸುತ್ತಾರೆ. ಅವಳು ನನ್ನ ಕಣ್ಣನ್ನೇ ನೋಡುತ್ತಾ ಹೇಳಿದಳು ಎಂದು ನೆನಪು. ಯಾರಿಗೆ ಗೊತ್ತು.

ಮೂರು ವಾರಕ್ಕೆ ಮೊದಲ ಸ್ಲೈಡುಗಳು ಬಂದವು. ಗರ್ಭಕೋಶವನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ, ಗಾಜಿನ ಪಟ್ಟಿಗೆ ಅಂಟಿಸಿ ಬಣ್ಣ ಹಾಕಿಕೊಡುತ್ತಿದ್ದವರು ಖಾದರ್ ಸಾಬ್, ಒಂದು ಲ್ಯಾಬಿನಲ್ಲಿ ದುಡಿದು ನಿವೃತ್ತರಾದವರು. ರಾಯಚೂರಿನ ಸೆಕೆಗೆ ಮೇಣ ಕರಗಿ ಹೋಗುತ್ತಿತ್ತು. "ಬರಫ್ ಲಾವ್ ಮೇಡಂ, ಬರಫ್! ನೈತೋ ಮೈ ಕಾಟತಾ ನೈ," ಎಂದು ಅವರು ಮಂಜುಗಡ್ಡೆಗೆ ಹಟ ಹಿಡಿದರೆ ನಾನು ಐಸ್‌ಕ್ಯಾಂಡಿ ಅಂಗಡಿಗೆ ಓಡಬೇಕು. ಹಾಗೆ ಓಡಿ ಓಡಿ ಮಾಡಿಸಿದ ಸ್ಲೈಡನ್ನು ಸೂಕ್ಷ್ಮದರ್ಶಕಕ್ಕಿಟ್ಟು ನೋಡಿದರೆ ಎಲ್ಲ ತಲೆಕೆಳಗು. ಒಂದನೇ ಪಂಜರದ ಇಲಿಗಳಲ್ಲಿ ಜೀವಕೋಶಗಳು ಕುಗ್ಗಿ ಮಲಗಿರಬೇಕಿತ್ತು. ಅವು ಕುಗ್ಗದೆ, ಎತ್ತರಕ್ಕೆ, ಗುಲಾಬಿ ಮೈ, ನೇರಳೆ ಬಣ್ಣದ ಕೋಶಬೀಜಗಳೊಂದಿಗೆ ಜಂಬದಿಂದ ನಿಂತಿದ್ದವು.

ಮಾರ್ಗದರ್ಶಕರಿಗೆ ಬರೆದೆ. ಇನಾಂದಾರ ಸರ್ ದೂರದ ವಿಶ್ವವಿದ್ಯಾಲಯದಲ್ಲಿ ಇರುತ್ತಿದ್ದರು, ಇನ್‌ಲ್ಯಾಂಡ್ ಪತ್ರದ ಮೂರೇ ಸಾಲಿನಲ್ಲಿ ಮನುಷ್ಯರನ್ನು ಮುಗಿಸುತ್ತಿದ್ದರು. 'ಔಷಧಿಯ ತಪ್ಪಲ್ಲ, ಕತ್ತರಿಯ ತಪ್ಪು. ಅಂಡಾಶಯದ ತುಣುಕು ಒಳಗೇ ಉಳಿಸಿದ್ದೀರಿ. ಮತ್ತೆ ಮಾಡಿ.' ಮತ್ತೆ ಆರು ಇಲಿಗಳನ್ನು ಕೊಯ್ದು ಒಂದನೇ ಪಂಜರಕ್ಕೆ ಬಿಟ್ಟೆ. ಈ ಸಲ ತೆಗೆದ ಅಂಡಾಶಯಗಳನ್ನು ಒಂದೊಂದಾಗಿ ಎಣಿಸಿ ಶೀಶೆಯಲ್ಲಿಟ್ಟೆ, ಹನ್ನೆರಡು. ಆದರೂ ಮೂರು ವಾರಕ್ಕೆ ಅದೇ ಜಂಬದ ಸಾಲು. ಆಗಸ್ಟ್ ಬಂತು. ಮೂರನೇ ಸಲ ಆರು ಇಲಿಗಳನ್ನು ಕೊಯ್ದು ಅದೇ ಪಂಜರಕ್ಕೆ ಬಿಟ್ಟೆ. ನನ್ನ ಕೈಯ ಮೇಲೇ ನನಗೆ ನಂಬಿಕೆ ಹೋಯಿತು. ಮಾನ್ವಿಯ ತರಗತಿಯ ಕರಿಹಲಗೆ ಕಣ್ಣಿಗೆ ಕಟ್ಟತೊಡಗಿತು.

ಆಮೇಲೆ ಒಂದು ಮಧ್ಯಾಹ್ನ ಕರೆಂಟು ಹೋಗಿ ಲೈಬ್ರರಿಯಿಂದ ಬೇಗ ಎದ್ದು ಬಂದೆ. ಕೋಣೆಯ ಬಾಗಿಲಲ್ಲೇ ಮೆಂತ್ಯೆಯ ವಾಸನೆ. ಹುಲಿಗೆವ್ವ ಒಂದನೇ ಪಂಜರದ ಮುಂದೆ ಚಕ್ಕಳಮಕ್ಕಳ ಕೂತು, ಬಟ್ಟಲಿನಿಂದ ಏನನ್ನೋ ಉಂಡೆ ಕಟ್ಟಿ ಸರಳಿನ ಸಂದಿಯಲ್ಲಿ ತೂರಿಸುತ್ತಿದ್ದಳು. ಆರು ಇಲಿಗಳೂ ಮುಂಗಾಲೆತ್ತಿ ಸಾಲಾಗಿ ನಿಂತಿದ್ದವು.

"ಏನದು ಹುಲಿಗೆವ್ವಾ?"

"ಏನಿಲ್ರೀ." ಬಟ್ಟಲು ಸೆರಗಿನೊಳಗೆ ಹೋಯಿತು.

"ತೋರ್ಸು."

"ಬಾಣಂತಿ ಪುಡಿರೀ. ಮೆಂತಿ, ಅಳವಿ, ಅಗಸಿ, ಬಡೇಸೋಪು, ಸಬ್ಬಸಗಿ ಬೀಜ. ಒಂದೀಟ ಬೆಲ್ಲ."

"ಇಲಿ ಹಡದಾವೇನು?"

"ಹಡದಿಲ್ಲಂದ್ರ ಏನಾತ್ರಿ? ಹೊಟ್ಟಿ ಕೊಯ್ದು ಹೊಲಿಗಿ ಹಾಕೀರಲ್ಲ. ಹೊಟ್ಟಿ ಕೊಯ್ಸಿಕೊಂಡ ಹೆಣ್ಣಿಗಿ ಬರೀ ಸಗಣಿ ತುಂಡು ಹಾಕಿದ್ರ ಮಂದಿ ಮಾರಿಗಿ ಉಗುಳ್ತಾರ್ರೀ."

"ಎಲ್ಲಾ ಪಂಜರಕ್ಕೂ ಹಾಕೀಯೇನು?"

"ನಾನೇನು ಹುಚ್ಚೀನ್ರೀ? ಆ ಮೂರಕ್ಕ ನೀವು ಔಷಧಿ ಕೊಡಾಕತ್ತೀರಿ. ಇವಕ್ಕ ಬರೀ ಎಣ್ಣಿ ಅಂತ ನೀವ ಹೇಳೀರಿ. ಅವಕ್ಕ ನೀವು, ಇವಕ್ಕ ನಾನು."

ಏನೇನು ಬೈದೆನೋ ನೆನಪಿಲ್ಲ. ನನ್ನ ವರ್ಷ ತಿಂದೆ ಎಂದೆ, ಅದು ಖಂಡಿತ. ಅವಳು ಅತ್ತಳು ಎಂದು ನೆನಪು ಹೇಳುತ್ತದೆ, ನೋಟ್‌ಬುಕ್ಕಿನಲ್ಲಿ 'ಹು. ಅರ್ಧ ದಿನ ರಜೆ' ಎಂದಷ್ಟೇ ಇದೆ. ಮರುದಿನ ಬಂದವಳು ಪಂಜರ ತೊಳೆದು, ನೀರು ಇಟ್ಟು, ನನ್ನ ಕಡೆ ನೋಡದೆಯೇ ಕೇಳಿದಳು:

"ಮೇಡಂ, ಒಂದ್ ಮಾತು ಕೇಳ್ಲೇನ್ರಿ? ನೀವು ಬರೀ ಎಣ್ಣಿ ಕೊಟ್ಟ ಇಲಿ ಗರ್ಭಚೀಲ ಒಣಗಬೇಕಿತ್ತು ಅಂದ್ರಿ. ಒಣಗಲಿಲ್ಲ. ಹಂಗಾರ ನಮ್ಮ ಪುಡಿ ಕೆಲಸ ಮಾಡ್ತು ಅಂದಂಗಾತಲ್ರೀ?"

ಹೊರದೇಶದಲ್ಲಿ ಒಂದು ಜಾತಿಯ ಮೇವು ಮೇಯ್ದ ಕುರಿಗಳು ಗಬ್ಬ ನಿಲ್ಲದೆ ಹೋದವು, ಆ ಗಿಡದಲ್ಲಿ ಈಸ್ಟ್ರೋಜನ್ನಿನಂತೆ ನಟಿಸುವ ವಸ್ತುವಿತ್ತು ಎಂದು ನಾನೇ ಮಾನ್ವಿಯಲ್ಲಿ ಪಾಠ ಮಾಡಿದ್ದೆ. ಗಿಡದಲ್ಲಿ ಹಾರ್ಮೋನು ಇರಬಹುದು ಎಂದು ಕರಿಹಲಗೆಯ ಮೇಲೆ ಬರೆದವಳಿಗೆ ಅದು ಹುಲಿಗೆವ್ವನ ಬಟ್ಟಲಿನಲ್ಲೂ ಇರಬಹುದು ಎಂದು ಹೊಳೆದಿರಲಿಲ್ಲ. ನನ್ನ ಎದುರಿನಲ್ಲಿ ಹಾಳಾದ ಪ್ರಯೋಗವಿರಲಿಲ್ಲ, ಇನ್ನೊಂದೇ ಪ್ರಯೋಗವಿತ್ತು. ಒಂದೇ ತೊಂದರೆ, ಅದನ್ನು ಮಾಡಿದವಳು ನಾನಲ್ಲ, ಮತ್ತು ಯಾವ ತೂಕವೂ ಬರೆದಿಟ್ಟಿರಲಿಲ್ಲ.

"ಎಷ್ಟೆಷ್ಟು ಹಾಕ್ತಿದ್ದಿ?"

"ಅಳತಿ ಅಕ್ಕನ್ನ ಕೇಳಬೇಕ್ರಿ. ನಂದು ಹಂಗ ಕೈಗೆ ಬಂದಷ್ಟು."

ಹೀಗೆ ನಾವಿಬ್ಬರೂ ದೇವದುರ್ಗದ ಬಸ್ಸು ಹತ್ತಿದೆವು. ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಔಷಧಿ ಅಂಗಡಿಯ ಸಣ್ಣ ತಕ್ಕಡಿ. ಗಬ್ಬೂರು ದಾಟುವಾಗ ಜೋರು ಮಳೆ, ಎರೆಮಣ್ಣಿನಲ್ಲಿ ಬಸ್ಸು ಹೂತು ನಾವೆಲ್ಲ ಇಳಿದು ತಳ್ಳಿದ್ದು, ಚಪ್ಪಲಿಗೆ ಎರಡೆರಡು ಸೇರು ಮಣ್ಣು ಮೆತ್ತಿದ್ದು, ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ನೋಟ್‌ಬುಕ್ಕಿನಲ್ಲಿ ಆ ದಿನದ ಹವಾಮಾನ: 'ಒಣ.' ಯಾವ ಬಸ್ಸನ್ನು ನಾನು ಯಾವ ಮಳೆಯಲ್ಲಿ ತಳ್ಳಿದೆನೋ, ಆ ಮಳೆ ಈಗ ಇಲ್ಲಿಗೆ ಬಂದು ಸೇರಿಕೊಂಡಿದೆ. ಇರಲಿ.

ಅಕ್ಕ ದುರುಗವ್ವ ಅರವತ್ತರ ಹತ್ತಿರದವಳು, ಒಂದೂ ಹಲ್ಲಿಲ್ಲ. ಕಟ್ಟೆಯ ಮೇಲೆ ಕೂತು ತಕ್ಕಡಿಯನ್ನೂ ನನ್ನನ್ನೂ ನೋಡಿದಳು.

"ನಿನಗೆಷ್ಟು ಮಕ್ಕಳಬೇ?"

"ಮದಿವಿ ಆಗಿಲ್ರೀ."

"ಮತ್ತ ಈ ಪುಡಿ ಯಾರಿಗೆ?"

ಹುಲಿಗೆವ್ವ ನನಗಿಂತ ಮೊದಲು ಬಾಯಿಬಿಟ್ಟಳು. "ಇಲಿಗಿ, ಯಕ್ಕಾ."

"ಇಲಿ ಬಾಣಂತನ ಮಾಡಾಕ ಇಷ್ಟು ಸಾಲಿ ಕಲೀಬೇಕೇನು?" ಎಂದು ಶುರುವಾದ ಮುದುಕಿಯ ನಗು ಅಕ್ಕಪಕ್ಕದ ಮನೆಯವರೆಲ್ಲ ಬಂದು ಸೇರುವವರೆಗೂ ನಿಲ್ಲಲಿಲ್ಲ. ನಗು ಮುಗಿದ ಮೇಲೆ ಕೆಲಸಕ್ಕೆ ಕೂತಳು. ಬಾಣಂತಿಯ ಮೈ ನೋಡಿ ಮುಷ್ಟಿ, ಅದು ಅವಳ ಲೆಕ್ಕ. ದಪ್ಪಗಿದ್ದವಳಿಗೆ ಒಂದು ಮುಷ್ಟಿ, ಸೊರಗಿದವಳಿಗೆ ಒಂದೂವರೆ. ಇಲಿ ಎಷ್ಟಿರುತ್ತದೆ ಎಂದು ಕೇಳಿದಳು. ನಾನು ಅಂಗೈ ತೋರಿಸಿದೆ. ಅವಳು ಕಣ್ಣು ಮುಚ್ಚಿ ಮೂರು ಬೆರಳಿನಲ್ಲಿ ಒಂದು ಚಿವುಟು ತೆಗೆದಳು. ತೂಗಿದೆ. ಇನ್ನೊಂದು ತೆಗೆಯಿರಿ ಎಂದೆ. ತೂಗಿದೆ. ಮೂರನೆಯದಕ್ಕೆ ಅವಳಿಗೆ ಸಿಟ್ಟು ಬಂತು.

"ಏನಬೇ, ನನ್ನ ಕೈ ಕಳ್ಳತನ ಮಾಡ್ತದಂತ ತೂಗಾಕತ್ತೀಯೇನು?"

ಮೂರೂ ಸಲ ತಕ್ಕಡಿಯ ಮುಳ್ಳು ಒಂದೇ ಕಡೆ ನಿಂತಿತು. ಇದು ನೆನಪಲ್ಲ, ನೋಟ್‌ಬುಕ್ಕಿನಲ್ಲಿ ಇದೆ. ನನ್ನ ವಿದ್ಯಾರ್ಥಿಗಳು ಯಾರೂ ಅಷ್ಟು ಸರಿಯಾಗಿ ತೂಗಿದ್ದಿಲ್ಲ, ನಾನೂ ಇಲ್ಲ.

ನಡೆದದ್ದನ್ನೆಲ್ಲ ಮುಚ್ಚಿಡದೆ ಇನಾಂದಾರ ಸರ್‌ಗೆ ಬರೆದೆ. ಬರೆಯುವ ಮೊದಲು 'ಕತ್ತರಿಯ ತಪ್ಪೇ, ಕ್ಷಮಿಸಿ' ಎಂಬ ಇನ್ನೊಂದು ಪತ್ರವನ್ನೂ ಬರೆದು ಅಂಚೆ ಡಬ್ಬಿಯ ತನಕ ಒಯ್ದಿದ್ದೆ. ಅದು ಸುಲಭದ ಪತ್ರವಾಗಿತ್ತು. ಉತ್ತರ ಬಂತು, ಈ ಸಲ ನಾಲ್ಕು ಸಾಲು: 'ಹೊಸದಾಗಿ ಮಾಡಿ. ಯಾವ ಇಲಿಗೆ ಏನು ಕೊಟ್ಟದ್ದೆಂದು ಸ್ಲೈಡ್ ನೋಡುವಾಗ ನಿಮಗೂ ಗೊತ್ತಿರಬಾರದು, ನನಗೂ ಗೊತ್ತಿರಬಾರದು. ದೀಪಾವಳಿಗೆ ಮುಂಚಿನ ವಾರ ನಾನೇ ಬಂದು ನೋಡುತ್ತೇನೆ. ಮನಸ್ಸಿಗೆ ಬಂದರೆ ಸಹಿ, ಇಲ್ಲದಿದ್ದರೆ ಮಾನ್ವಿಯ ಮಕ್ಕಳಿಗೆ ನನ್ನ ಆಶೀರ್ವಾದ.'

ಮತ್ತೆ ಇಪ್ಪತ್ತನಾಲ್ಕು ಇಲಿ, ಎಲ್ಲದರ ಅಂಡಾಶಯ ತೆಗೆದದ್ದಾಯಿತು. ಒಂದು ಪಂಜರಕ್ಕೆ ಏನೂ ಇಲ್ಲ. ಒಂದಕ್ಕೆ ಬಾಣಂತಿ ಪುಡಿ. ಒಂದಕ್ಕೆ ಪುಡಿ ಮತ್ತು ಕ್ಲೋಮಿಫೀನ್. ಒಂದಕ್ಕೆ ಬರೀ ಕ್ಲೋಮಿಫೀನ್. ಪುಡಿ, ಔಷಧಿ ಎರಡನ್ನೂ ಮೇವಿನಲ್ಲಿ ಕೊಡುವವಳು ಹುಲಿಗೆವ್ವ; ಯಾವ ಪಂಜರಕ್ಕೆ ಯಾವುದು ಎಂಬುದು ಅವಳಿಗೆ ಮಾತ್ರ ಗೊತ್ತು. ಏನೂ ಕೊಡದ ಪಂಜರಕ್ಕೆ ಏನೂ ಹಾಕುವುದಿಲ್ಲ ಎಂದು ಅವಳಿಂದ ಆಣೆ ಮಾಡಿಸಿಕೊಂಡೆ. "ಮಕ್ಕಳಾಣೆ ಹಾಕಿಸ್ಕೋಬ್ಯಾಡ್ರಿ, ದೇವಿ ಹುಲಿಗೆಮ್ಮನ ಆಣೆ ಹಾಕ್ತೀನಿ, ಆಕೀಗಾದ್ರ ನನ್ನ ಕಷ್ಟ ತಿಳೀತದ," ಎಂದಳು. ಆ ಮೂರು ವಾರ ಆ ಪಂಜರಕ್ಕೆ ಒಣ ತುಂಡು ಹಾಕುವಾಗ ಅವಳು ಮುಖ ಆ ಕಡೆ ತಿರುಗಿಸುತ್ತಿದ್ದಳಂತೆ; ಇಲಿ ಕೊಯ್ಯುವಾಗ ತಿರುಗಿಸದ ಮುಖ.

ಕೊನೆಯ ದಿನ ಅವಳು ಒಂದೊಂದೇ ಇಲಿ ತಂದುಕೊಟ್ಟಳು, ಪಂಜರ ಯಾವುದೆಂದು ಹೇಳದೆ. ನಾನು ಕೊಯ್ದೆ. ಖಾದರ್ ಸಾಬ್ ಮಂಜುಗಡ್ಡೆಯ ಮೇಲೆ ಮೇಣ ಸೀಳಿ, ಸ್ಲೈಡಿನ ಮೇಲೆ ಒಂದರಿಂದ ಇಪ್ಪತ್ತನಾಲ್ಕರ ತನಕ ನಂಬರು ಹಾಕಿದರು. ಅಕ್ಷರ ಬಾರದ ಹುಲಿಗೆವ್ವ ತನ್ನ ಲೆಕ್ಕ ಇಟ್ಟುಕೊಂಡದ್ದು ಒಂದು ನೂಲಿನ ಹುರಿಯ ಮೇಲೆ: ಇಲಿ ಕೊಟ್ಟ ಕ್ರಮದಲ್ಲೇ ಬಣ್ಣದ ದಾರದ ತುಂಡು ಕಟ್ಟುತ್ತಾ ಹೋದಳು. ಏನೂ ಇಲ್ಲದ್ದಕ್ಕೆ ಬಿಳಿ, ಪುಡಿಗೆ ಕೆಂಪು, ಪುಡಿ ಮತ್ತು ಔಷಧಿಗೆ ಹಸಿರು, ಬರೀ ಔಷಧಿಗೆ ಕಪ್ಪು. ಹುರಿಯನ್ನು ಸೊಂಟಕ್ಕೆ ಕಟ್ಟಿಕೊಂಡಳು.

ಇನಾಂದಾರ ಸರ್ ಬೆಳಗಿನ ರೈಲಿಗೆ ಬಂದರು. ಎತ್ತರದ ಮನುಷ್ಯ, ಹಂಚಿನ ಕೋಣೆಯ ಬಾಗಿಲಿಗೆ ತಲೆ ತಾಗಿಸಿಕೊಂಡೇ ಒಳಬಂದರು. ಇದ್ದ ಒಂದೇ ಕುರ್ಚಿಯಲ್ಲಿ ಕೂತು ಸ್ಲೈಡುಗಳನ್ನು ಒಂದೊಂದಾಗಿ ನೋಡತೊಡಗಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಜೀವಕೋಶ ಎತ್ತರವಿದ್ದದ್ದು ಎಡಕ್ಕೆ, ಗಿಡ್ಡವಿದ್ದದ್ದು ಬಲಕ್ಕೆ. ಸ್ವಲ್ಪ ಹೊತ್ತಿಗೆ ನಡುವೆ ಮೂರನೆಯದೊಂದು ರಾಶಿ ಶುರುವಾಯಿತು. ಅದು ಬೆಳೆಯುತ್ತಾ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಎಡಕ್ಕೆ ಆರು, ಬಲಕ್ಕೆ ಆರು, ನಡುವೆ ಹನ್ನೆರಡು.

"ಇವು ಏನು?" ಎಂದು ಕೇಳಿದೆ.

"ಅನುಮಾನ," ಎಂದರು. "ಎತ್ತರನೂ ಅಲ್ಲ, ಗಿಡ್ಡನೂ ಅಲ್ಲ. ಖಾದರ್ ಸಾಬ್ರ ಕೈ ಓರೆ ಆಗಿರಬೇಕು, ಇಲ್ಲಾ ನಿಮ್ಮ ಡೋಸ್ ತಪ್ಪಿರಬೇಕು. ಅರ್ಧಕ್ಕರ್ಧ ಅನುಮಾನ ಇಟ್ಕೊಂಡು ನಾನು ಹೆಂಗ್ರೀ ಸಹಿ ಮಾಡ್ಲಿ?" ಕನ್ನಡಕ ತೆಗೆದು ಒರೆಸಿಕೊಂಡರು. ಸಹಿಯ ಹಾಳೆ ಮೇಜಿನ ಮೇಲೆ ಇತ್ತು. ಅದನ್ನು ಮಡಚಿ ನನ್ನ ಕಡೆ ಸರಿಸಿದರು.

"ದಾರ ಬಿಚ್ಚಲೇನ್ರೀ ಮತ್ತ?" ಎಂದಳು ಹುಲಿಗೆವ್ವ, ಬಾಗಿಲಲ್ಲಿ ನಿಂತು. "ಬಂದದ್ದಕ್ಕ ನೋಡಿಬಿಡ್ರಿ."

ಸರ್ ಬೇಸರದಿಂದಲೇ ನಂಬರು ಕೂಗಿದರು, ಅವಳು ಹುರಿಯ ಮೇಲೆ ಬೆರಳು ಸರಿಸುತ್ತಾ ಬಣ್ಣ ಹೇಳಿದಳು. ಎಡದ ರಾಶಿ: ಕೆಂಪು, ಕೆಂಪು, ಕೆಂಪು. ಬಲದ ರಾಶಿ: ಬಿಳಿ, ಬಿಳಿ. ಎಲ್ಲವೂ ಇಷ್ಟು ನೇರವಾಗಿತ್ತು ಎಂದು ನನ್ನ ನೆನಪು ಪ್ರತಿಸಲ ಹೇಳುತ್ತದೆ. ನೋಟ್‌ಬುಕ್ಕಿನ ಪ್ರಕಾರ ಎಡದಲ್ಲಿ ಒಂದು ಬಿಳಿ ಇತ್ತು, ಬಲದಲ್ಲಿ ಒಂದು ಕೆಂಪು. ಆಮೇಲೆ ನಡುವಿನ ರಾಶಿ. "ಏಳು?" "ಹಸರ್ರೀ." "ಹನ್ನೆರಡು?" "ಕಪ್ಪು." "ಹತ್ತೊಂಬತ್ತು?" "ಕಪ್ಪು." "ಮೂರು?" "ಹಸರು." ಹನ್ನೆರಡಕ್ಕೆ ಹನ್ನೆರಡೂ ಹಸಿರು, ಇಲ್ಲವೇ ಕಪ್ಪು. ಒಂದೇ ಒಂದು ಕೆಂಪಿಲ್ಲ, ಬಿಳಿಯಿಲ್ಲ.

ಕ್ಲೋಮಿಫೀನ್ ಮುಟ್ಟಿದ ಇಲಿಗಳೆಲ್ಲ ಆ ಒಂದೇ ರಾಶಿಯಲ್ಲಿದ್ದವು. ಪುಡಿಯಿಂದ ಎತ್ತರವಾಗಬೇಕಿದ್ದ ಜೀವಕೋಶವನ್ನು ಔಷಧಿ ಅರ್ಧಕ್ಕೆ ಇಳಿಸಿತ್ತು. ಏನೂ ಸಿಗದೆ ಗಿಡ್ಡವಾಗಬೇಕಿದ್ದುದನ್ನು ಅದೇ ಔಷಧಿ ಅರ್ಧಕ್ಕೆ ಏರಿಸಿತ್ತು. ತಡೆಯುವ ಔಷಧಿ ತಾನೂ ಒಂದಿಷ್ಟು ಈಸ್ಟ್ರೋಜನ್ ಆಗಿ ದುಡಿಯುತ್ತಿತ್ತು. ಅನುಮಾನವೆಂದು ಅವರು ಗುಡ್ಡೆ ಹಾಕಿದ್ದೇ ಉತ್ತರ.

ಅವರು ಎದ್ದರು, ಕುರ್ಚಿಯನ್ನು ಹುಲಿಗೆವ್ವನ ಕಡೆ ತಿರುಗಿಸಿದರು. "ಬರ್ರಿ, ಕೂಡ್ರಿ. ನೋಡಿ ಹೇಳ್ರಿ."

ಅವಳು ಕುರ್ಚಿಯ ತುದಿಯಲ್ಲಿ ಕೂತು ಒಂದು ಕಣ್ಣು ಮುಚ್ಚಿದಳು. ಕೆಂಪು ದಾರದ ಸ್ಲೈಡು. "ಹೊಲದಾಗ ಜ್ವಾಳ ನಿಂತಂಗ ನಿಂತಾವ್ರೀ." ಬಿಳಿ. "ಪಾಪ, ಕುಂತುಬಿಟ್ಟಾವ." ಕಪ್ಪು. ಬಹಳ ಹೊತ್ತು ನೋಡಿದಳು. "ಇವು ಏಳಬೇಕೋ ಕೂಡ್ರಬೇಕೋ ತಿಳೀದ ಅರ್ಧಕ್ಕ ಎದ್ದಾವ್ರೀ."

"ಅದನ್ನ ಬರೀರಿ," ಎಂದು ಸರ್ ನನಗೆ ಹೇಳಿದರು. ಮಡಚಿದ ಹಾಳೆಯನ್ನು ಬಿಡಿಸಿ ಸಹಿ ಹಾಕಿದರು. ಖಾದರ್ ಸಾಬ್‌ರ ನೇರಳೆ ಬಣ್ಣದಲ್ಲಿ ಕಡ್ಡಿ ಅದ್ದಿ ಸಹಿ ಹಾಕಿದರು ಎಂದು ಎಷ್ಟೋ ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಫೈಲು ತೆಗೆದು ನೋಡಿದೆ: ನೀಲಿ ಬಾಲ್‌ಪೆನ್ನು. ಕೆಳಗೆ ಅವರದೇ ಅಕ್ಷರದಲ್ಲಿ ಒಂದು ಸಾಲು: 'ಮುಂದುವರಿಸಬಹುದು. ನಡುವಿನ ರಾಶಿಯನ್ನು ಎಸೆಯಬೇಡಿ.'

ಏನು ಬರೆದರು ಎಂದು ಹುಲಿಗೆವ್ವ ಕೇಳಿದಳು. ಓದಿ ಹೇಳಿದೆ.

"ಯಾಕ ಎಸೀಲ್ರೀ, ಇಷ್ಟು ಚಂದ ಗಾಜು," ಎಂದು ಅವಳು ಹನ್ನೆರಡೂ ಸ್ಲೈಡನ್ನು ಒಟ್ಟಿಗೆ ಎತ್ತಿಕೊಂಡು ನೀರಿನ ಬಕೆಟ್ಟಿನ ಕಡೆ ಹೊರಟಳು. "ಬಣ್ಣ ಹತ್ಯಾವ, ಸಬಕಾರ ಹಚ್ಚಿ ತಿಕ್ಕಿ ಇಡ್ತೀನಿ."

"ತೊಳೀಬ್ಯಾಡಾ!" ಎಂದು ನಾನೂ ಸರ್ ಅವರೂ ನಡುವಿನ ಮೇಜನ್ನು ಹಾರಿದವರಂತೆ ಒಟ್ಟಿಗೇ ಕೂಗಿದೆವು.